ಹತ್ತನೇ ಸಂಪುಟ ಯಾರಿಗೆ ಇಷ್ಟ?

ಕೇಳುಗರಿಗೆ ನಮಸ್ಕಾರ.

ದೊಡ್ಡ ದೊಡ್ಡ ಫ್ಯಾಂಟಸಿ ಸರಣಿಗಳನ್ನು ಓದುವವರು ಇಬ್ಬರು ಸೇರಿದರೆ ಮೊದಲು ಖುಷಿ, ಸ್ವಲ್ಪ ಹೊತ್ತಿಗೆ ಜಗಳ. ಒಬ್ಬರು ಯಾವ ಸಂಪುಟವನ್ನು ತಲೆ ಮೇಲೆ ಹೊತ್ತು ಕುಣಿಯುತ್ತಾರೋ, ಇನ್ನೊಬ್ಬರು ಸರಣಿಯನ್ನೇ ಬಿಟ್ಟಿದ್ದು ಸರಿಯಾಗಿ ಅದೇ ಸಂಪುಟದಲ್ಲಿ.

ಇದು ಹೊಸ ಜಗಳವೇನೂ ಅಲ್ಲ. ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಬಂತು. 1956ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಎರಡು ವಿಮರ್ಶೆಗಳು ಬಂದವು. ಕವಿ ಡಬ್ಲ್ಯೂ. ಎಚ್. ಆಡೆನ್ ಬಾಯ್ತುಂಬ ಹೊಗಳಿದರು. ವಿಮರ್ಶಕ ಎಡ್ಮಂಡ್ ವಿಲ್ಸನ್ ಇದು ಎಳಸು ಬರಹ ಅಂತ ತಳ್ಳಿಹಾಕಿದರು. ಈ ಪುಸ್ತಕದ ವಿಷಯದಲ್ಲಿ ನಡುವೆ ನಿಲ್ಲುವವರೇ ಸಿಗುವುದಿಲ್ಲ ಅನ್ನುವುದು ಆಗಲೇ ಆಡೆನ್ ಕಣ್ಣಿಗೆ ಬಿದ್ದಿತ್ತು.

ಟೋಲ್ಕಿನ್ ಇದನ್ನೆಲ್ಲ ಹೇಗೆ ತೆಗೆದುಕೊಂಡರು ಅನ್ನುವುದು ನನಗೆ ತುಂಬ ಇಷ್ಟ. ಎರಡನೇ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ ಅವರು ತಮಗೆ ಬಂದ ಕಾಗದಗಳ ಬಗ್ಗೆ ಹೇಳುತ್ತಾರೆ. ಕೆಲವರಿಗೆ ಕಳಪೆ ಅನ್ನಿಸಿದ ಭಾಗಗಳೇ ಬೇರೆಯವರಿಗೆ ವಿಶೇಷವಾಗಿ ಹಿಡಿಸಿದ್ದವಂತೆ. ತಮಗೇ ಕಂಡ ಕೊರತೆಗಳಲ್ಲಿ ಒಂದನ್ನು ಮಾತ್ರ ಅವರು ಎತ್ತಿ ಹೇಳುತ್ತಾರೆ. ಯಾವುದು ಗೊತ್ತಾ? ಪುಸ್ತಕ ತೀರಾ ಚಿಕ್ಕದಾಯಿತು ಅನ್ನುವುದು! ಸಾವಿರ ಪುಟ ದಾಟಿದ ಪುಸ್ತಕಕ್ಕೆ.

ಒಬ್ಬೊಬ್ಬರಿಗೆ ಒಂದೊಂದು ಹಿಡಿಸುತ್ತದೆ ಅನ್ನುವುದನ್ನು ನಮ್ಮ ಕುಮಾರವ್ಯಾಸ ಶತಮಾನಗಳ ಹಿಂದೆಯೇ ಹೇಳಿಬಿಟ್ಟಿದ್ದಾನೆ. ತನ್ನ ಭಾರತ ಅರಸರಿಗೆ ವೀರದ ಕತೆ, ಯೋಗಿಗಳಿಗೆ ತತ್ವ, ಮಂತ್ರಿಗಳಿಗೆ ಬುದ್ಧಿ, ವಿರಹಿಗಳಿಗೆ ಶೃಂಗಾರ ಅಂತ. ಆದರೆ ಮಧ್ಯದಲ್ಲಿ ಬೇಜಾರಾಗಿ ಎದ್ದು ಹೋಗುವವರಿಗೆ ಆ ಪಟ್ಟಿಯಲ್ಲಿ ಜಾಗ ಇಲ್ಲ. ನಾನಿವತ್ತು ಮಾತಾಡಬೇಕು ಅಂದುಕೊಂಡಿರುವುದು ಅವರ ಬಗ್ಗೆಯೇ.

ಲೋಕೋ ಭಿನ್ನರುಚಿ ಅಂತ ಹೇಳಿ ಕೈ ತೊಳೆದುಕೊಳ್ಳಬಹುದು. ನನಗೆ ಅದು ಸಾಲದು. ಇನ್ನೂರು ಪುಟದ ಕಾದಂಬರಿ ಇಷ್ಟವಾಗಲಿಲ್ಲ ಅಂದರೆ, ಸರಿ, ರುಚಿ ಬೇರೆ. ಹತ್ತು ಹದಿನೈದು ಸಂಪುಟಗಳ ಸರಣಿಯಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ನೀವು ಅದನ್ನು ಯಾವಾಗ ಓದಿದಿರಿ, ಎಷ್ಟು ಕಾದು ಓದಿದಿರಿ ಅನ್ನುವುದು. ಜಗಳಗಳಲ್ಲಿ ಅರ್ಧಕ್ಕರ್ಧ ಇದರಿಂದಲೇ ಹುಟ್ಟುತ್ತವೆ ಅಂತ ನನ್ನ ಅನಿಸಿಕೆ.

ರಾಬರ್ಟ್ ಜೋರ್ಡನ್ ಅವರ 'ದಿ ವ್ಹೀಲ್ ಆಫ್ ಟೈಮ್' ತೆಗೆದುಕೊಳ್ಳಿ. ಮೊದಲ ಸಂಪುಟ ಬಂದಿದ್ದು 1990ರಲ್ಲಿ. ಮುಖ್ಯ ಕತೆಗೆ ಒಟ್ಟು 14 ಸಂಪುಟ. 2007ರಲ್ಲಿ ಜೋರ್ಡನ್ ತೀರಿಕೊಂಡರು. ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಇಟ್ಟುಕೊಂಡು ಬ್ರ್ಯಾಂಡನ್ ಸ್ಯಾಂಡರ್ಸನ್ ಕೊನೆಯ ಮೂರು ಸಂಪುಟ ಬರೆದರು. ಕತೆ ಮುಗಿದಾಗ 2013. ಈ ಸರಣಿಯ ಒಂಬತ್ತನೇ ಸಂಪುಟ 2000ದಲ್ಲಿ ಬಂತು. ಅದರ ಕೊನೆಯಲ್ಲಿ ಇಡೀ ಲೋಕವೇ ಅಲ್ಲಾಡುವಂಥ ಒಂದು ಘಟನೆ ಇದೆ. ಏನು ಅಂತ ಹೇಳುವುದಿಲ್ಲ, ಓದದವರು ಬೈಯುತ್ತಾರೆ. ಮುಂದೇನು ಅಂತ ಜನ ಎರಡು ವರ್ಷಕ್ಕೂ ಜಾಸ್ತಿ ಕಾದರು. 2003ರಲ್ಲಿ ಹತ್ತನೆಯದು ಬಂತು. ತೆರೆದು ನೋಡಿದರೆ, ಅದರ ಬಹುಪಾಲು ಪುಟಗಳಲ್ಲಿ ಆ ಘಟನೆ ನಡೆಯುತ್ತಿದ್ದಾಗ ಉಳಿದ ಪಾತ್ರಗಳು ಎಲ್ಲೆಲ್ಲಿ ಏನೇನು ಮಾಡುತ್ತಿದ್ದವು ಅನ್ನುವುದೇ ಇದೆ. ಕತೆ ಮುಂದಕ್ಕೆ ಹೆಜ್ಜೆ ಇಟ್ಟಿದ್ದು ಕಮ್ಮಿ. ಓದುಗರಿಗೆ ಸಿಟ್ಟು ಬರದೆ ಇರುತ್ತದಾ?

ಈಗ ಅದೇ ಸರಣಿಯನ್ನು ಇವತ್ತು ಕೈಗೆತ್ತಿಕೊಂಡವರನ್ನು ನೆನೆಸಿಕೊಳ್ಳಿ. ಒಂಬತ್ತು ಮುಗಿಯಿತು, ಆ ರಾತ್ರಿಯೇ ಹತ್ತು ಶುರು. ನಿಧಾನ ಅನ್ನಿಸಿದರೂ ಪಕ್ಕದಲ್ಲೇ ಹನ್ನೊಂದನೆಯದು ಇದೆ. ಅಂಥವರು ಬಂದು 'ಅಷ್ಟೊಂದು ಕೆಟ್ಟದಾಗಿಲ್ಲವಲ್ಲ, ಜನ ಯಾಕೆ ಹಾಗೆ ಬೈತಾರೆ?' ಅಂತ ಕೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕಾದು ಓದಿದವರದೂ ಸುಳ್ಳಲ್ಲ. ಪುಟಗಳು ಅವೇ. ಆದರೆ ಒಬ್ಬರಿಗೆ ಅದು ಎರಡು ವರ್ಷ ಕಾದಿದ್ದಕ್ಕೆ ಸಿಕ್ಕ ಉತ್ತರ, ಇನ್ನೊಬ್ಬರಿಗೆ ಸುಮ್ನೆ ಒಂದು ವಾರದ ಓದು.

ಮೂರನೇ ಜಾತಿಯ ಓದುಗರೂ ಇದ್ದಾರೆ. ಅವರಿಗೆ ಆ ನಿಧಾನವೇ ಬೇಕು. ಯಾರು ಯಾವ ಬಣ್ಣದ ಬಟ್ಟೆ ಹಾಕಿದ್ದರು, ಅರಮನೆಯಲ್ಲಿ ಯಾರು ಯಾರನ್ನು ಕಂಡರೆ ಮುಖ ತಿರುಗಿಸುತ್ತಿದ್ದರು, ಅದೆಲ್ಲ ಅವರಿಗೆ ಬೇಕು. ಯುದ್ಧ ಬಂದರೆ ಪುಟ ಹಾರಿಸುತ್ತಾರೆ! ಅವರ ಮಟ್ಟಿಗೆ ಸರಣಿ ಅನ್ನುವುದು ಹೋಗಿ ಇದ್ದು ಬರುವ ಜಾಗ. ಅಲ್ಲಿ ಏನೋ ನಡೆಯಲೇಬೇಕು ಅಂತಿಲ್ಲ. ನಾನು ಈ ಗುಂಪಿನವನಲ್ಲ. ಆದರೂ ಈ ಸರಣಿಗಳನ್ನು ನಿಜವಾಗಿ ಅನುಭವಿಸುವವರು ಅವರೇ ಇರಬೇಕು ಅಂತ ಒಮ್ಮೊಮ್ಮೆ ಹೊಟ್ಟೆಕಿಚ್ಚಾಗುತ್ತದೆ.

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಕಾಯುವಿಕೆಯ ಇನ್ನೊಂದು ಕತೆ. ಶುರುವಾಗಿದ್ದು 1996ರಲ್ಲಿ, ಐದನೆಯದು ಬಂದಿದ್ದು 2011ರಲ್ಲಿ. ನಾಲ್ಕನೆಯದು ಕೈಮೀರಿ ಬೆಳೆದಾಗ ಅವರು ಅದನ್ನು ಎರಡಾಗಿ ಸೀಳಿದರು. ಸೀಳಿದ್ದು ಕಾಲದ ಪ್ರಕಾರ ಅಲ್ಲ, ಪಾತ್ರಗಳ ಪ್ರಕಾರ. ಹಾಗಾಗಿ 2005ರಲ್ಲಿ ಬಂದ ನಾಲ್ಕನೇ ಸಂಪುಟದಲ್ಲಿ ಜನ ಕಾಯುತ್ತಿದ್ದ ಟಿರಿಯನ್, ಡೇನೆರಿಸ್, ಜಾನ್ ಸ್ನೋ, ಮೂವರ ಅಧ್ಯಾಯಗಳೂ ಇಲ್ಲ. ಕೆಲವು ಓದುಗರು ಸುಮ್ಮನೆ ಕೂರಲಿಲ್ಲ. ಎರಡೂ ಸಂಪುಟಗಳ ಅಧ್ಯಾಯಗಳನ್ನು ಬೆರೆಸಿ, ಯಾವುದಾದ ಮೇಲೆ ಯಾವುದು ಓದಬೇಕು ಅಂತ ತಾವೇ ಒಂದು ಕ್ರಮ ಮಾಡಿಕೊಂಡರು. ಇಷ್ಟು ತಲೆಕೆಡಿಸಿಕೊಳ್ಳುವ ಓದುಗರು ಬೇರೆ ಯಾವ ಬಗೆಯ ಕಾದಂಬರಿಗೆ ಸಿಗುತ್ತಾರೆ ಹೇಳಿ?

ಮಂತ್ರಶಕ್ತಿಯ ವಿಷಯಕ್ಕೂ ಜಗಳ ಇದೆ. ಸ್ಯಾಂಡರ್ಸನ್ ಕತೆಗಳಲ್ಲಿ ಅದಕ್ಕೆ ಲೆಕ್ಕ ಉಂಟು. ಯಾವ ಲೋಹ ನುಂಗಿದರೆ ಯಾವ ಶಕ್ತಿ, ಅದು ಎಲ್ಲಿಯವರೆಗೆ, ಎಲ್ಲ ಸ್ಪಷ್ಟ. ಮಂತ್ರಶಕ್ತಿ ಹೇಗೆ ಕೆಲಸ ಮಾಡುತ್ತದೆ ಅಂತ ಓದುಗರಿಗೆ ಎಷ್ಟು ಅರ್ಥವಾಗಿದೆಯೋ, ಅದರಿಂದ ಕತೆಯ ತೊಡಕು ಬಿಡಿಸುವುದು ಅಷ್ಟೇ ಒಪ್ಪುತ್ತದೆ ಅನ್ನುವುದು ಅವರ ವಾದ. ಟೋಲ್ಕಿನ್‌ರ ಮಂತ್ರವಾದಿ ಗ್ಯಾಂಡಾಲ್ಫ್‌ಗೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ಯಾರಿಗೂ ಪೂರ್ತಿ ಗೊತ್ತಿಲ್ಲ. ನಿಯಮ ಗೊತ್ತಾದ ಮೇಲೆ ಅದೆಂಥ ಮಾಟ ಅಂತ ಕೇಳುವವರ ಮಾತಿನಲ್ಲಿ ಹುರುಳಿದೆ ಅಂತ ನನಗೆ ಅನ್ನಿಸುತ್ತದೆ.

ಇನ್ನು ಸ್ಟೀವನ್ ಎರಿಕ್ಸನ್. ಇವರು ಪುರಾತತ್ವ, ಮಾನವಶಾಸ್ತ್ರ ಕಲಿತವರು. 1999ರಿಂದ 2011ರವರೆಗೆ ಇವರು ಬರೆದ ಮಲಾಜನ್ ಸರಣಿಗೆ ಹತ್ತು ಸಂಪುಟ. ಮೊದಲ ಪುಟದಿಂದಲೇ ಓದುಗರನ್ನು ನಡುನೀರಿಗೆ ತಳ್ಳುತ್ತಾರೆ. ಯಾರು ಯಾರು, ಯಾವ ಯುದ್ಧ, ಯಾವ ದೇವರು, ಒಂದನ್ನೂ ಬಿಡಿಸಿ ಹೇಳುವುದಿಲ್ಲ. ಕಷ್ಟಪಟ್ಟು ಪಾತ್ರಗಳನ್ನು ಗುರುತು ಹಿಡಿದುಕೊಂಡಿರಿ ಅನ್ನಿ, ಐದನೇ ಸಂಪುಟದಲ್ಲಿ ಖಂಡವೇ ಬೇರೆ, ಜನರೂ ಬಹುಮಟ್ಟಿಗೆ ಹೊಸಬರು! ಇದನ್ನು ಬಿಟ್ಟವರ ಮೇಲೆ ನನಗೆ ಯಾವ ದೂರೂ ಇಲ್ಲ. ಮುಗಿಸಿದವರು ಮಾತ್ರ ಮತ್ತೆ ಮೊದಲಿನಿಂದ ಓದಿ ಅಂತ ಉಪದೇಶ ಮಾಡುತ್ತಾರೆ. ಅದು ಸ್ವಲ್ಪ ಜಾಸ್ತಿಯಾಯಿತು, ಅಲ್ವಾ?

ನಾನು ಯಾವ ಪಕ್ಷ ಅಂತ ಕೇಳಿದರೆ, ರಾಬಿನ್ ಹಾಬ್ ಪಕ್ಷ. 1995ರಿಂದ 2017ರವರೆಗೆ ಅವರು ಒಂದೇ ಲೋಕದಲ್ಲಿ 16 ಕಾದಂಬರಿ ಬರೆದರು. ಅವುಗಳಲ್ಲಿ ಒಂಬತ್ತು ಫಿಟ್ಜ್ ಅನ್ನುವವನ ಕತೆ, ಬಹುಮಟ್ಟಿಗೆ ಅವನ ಬಾಯಲ್ಲೇ. ಹುಡುಗನಾಗಿ ಸಿಕ್ಕವನು ವಯಸ್ಸಾಗುವವರೆಗೂ ನಮ್ಮ ಜೊತೆ ಇರುತ್ತಾನೆ. ಅವನು ತಪ್ಪು ಮಾಡುತ್ತಾನೆ, ಆಮೇಲೆ ಗೊತ್ತಿದ್ದೂ ಅದನ್ನೇ ಮಾಡುತ್ತಾನೆ. ಇದೇ ಕಾರಣಕ್ಕೆ ಎಷ್ಟೋ ಜನ ಪುಸ್ತಕ ಎಸೆಯುತ್ತಾರೆ. ನಾಯಕ ಅಂದಮೇಲೆ ಗೆಲ್ಲಬೇಡವೇ, ಇಷ್ಟೊಂದು ಗೋಳು ಯಾಕೆ ಅಂತ. ನನಗೆ ಹಿಡಿಸಿದ್ದು ಆ ಗೋಳೇ. ಒಬ್ಬ ಮನುಷ್ಯ ನಿಧಾನವಾಗಿ ಮಾಗುವುದನ್ನು ತೋರಿಸಲು ಸಾವಿರಾರು ಪುಟ ಬೇಕು, ಚಿಕ್ಕ ಪುಸ್ತಕದಲ್ಲಿ ಆಗದು. ಉದ್ದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗಂತೂ ಕಂಡಿಲ್ಲ.

ಕೊನೆಯ ಸಂಪುಟ ಬರುವವರೆಗೆ ಮೊದಲನೆಯದನ್ನು ಮುಟ್ಟುವುದಿಲ್ಲ ಅಂತ ಹಟ ಹಿಡಿದವರೂ ಇದ್ದಾರೆ. ಒಂದೆರಡು ಸರಣಿ ಅರ್ಧಕ್ಕೆ ನಿಂತು ಕೈ ಸುಟ್ಟುಕೊಂಡವರು ಅವರು, ಏನೂ ಅನ್ನುವ ಹಾಗಿಲ್ಲ. ಆದರೆ ಎಲ್ಲರೂ ಹಾಗೇ ಕಾದರೆ ಮೊದಲ ಸಂಪುಟ ಮಾರಾಟವಾಗುವುದಿಲ್ಲ. ಮಾರಾಟವಾಗದ ಸರಣಿಯನ್ನು ಪ್ರಕಾಶಕರು ಮುಂದುವರಿಸುವುದು ಕಷ್ಟ. ಕೊನೆಯ ಸಂಪುಟ ಬರುವುದಾದರೂ ಹೇಗೆ?

ಹೊಸಬರು ಯಾವುದರಿಂದ ಶುರು ಮಾಡಲಿ ಅಂತ ಕೇಳಿದರೆ ನಾನು ಪಟ್ಟಿ ಕೊಡುವುದಿಲ್ಲ. ಟೋಲ್ಕಿನ್ ಓದಿದ್ದೀರಾ, ಓದಿದ್ದರೆ ಅದರಲ್ಲಿ ಬರುವ ಹಾಡುಗಳನ್ನು ಏನು ಮಾಡಿದಿರಿ ಅಂತ ಕೇಳುತ್ತೇನೆ. ಹಾರಿಸಿದೆ ಅಂದವರಿಗೆ ಸ್ಯಾಂಡರ್ಸನ್. ಓದಿದೆ ಅಂದವರಿಗೆ ಹಾಬ್. ಹಾಡೂ ಓದಿದೆ, ಕೊನೆಯಲ್ಲಿರುವ ಅನುಬಂಧಗಳನ್ನೂ ಎರಡು ಸಲ ಓದಿದೆ ಅಂದವರಿಗೆ ಯಾರ ಸಲಹೆಯೂ ಬೇಕಾಗುವುದಿಲ್ಲ. ಅವರು ಆಗಲೇ ಎರಿಕ್ಸನ್‌ರ ಮೂರನೇ ಸಂಪುಟದಲ್ಲಿ ಇರುತ್ತಾರೆ.

ನಮಸ್ಕಾರ.