ಬೂಮ್ರಾ ಬೆನ್ನಿನ ಜವಾಬ್ದಾರಿ ಯಾರದ್ದು?

[ತೆರೆಯ ಮೇಲೆ: ನಾಗ್ಪುರ, ಸೆಪ್ಟೆಂಬರ್ 23, 2022]

ನಮಸ್ಕಾರ. ಮೈದಾನ ಒದ್ದೆ ಇದ್ದ ಕಾರಣ ಅವತ್ತಿನ ಟಿ20 ಪಂದ್ಯ ಎಂಟೆಂಟು ಓವರಿಗೆ ಇಳಿದಿತ್ತು. ಎರಡು ತಿಂಗಳಿಂದ ಆಡದೇ ಇದ್ದ ನಮ್ಮ ಫಾಸ್ಟ್ ಬೌಲರ್ ಜಸ್‌ಪ್ರೀತ್ ಬೂಮ್ರಾ ಬೌಲಿಂಗಿಗೆ ಬಂದರು. ಆಸ್ಟ್ರೇಲಿಯಾ ನಾಯಕ ಆ್ಯರನ್ ಫಿಂಚ್ ಕಾಲ ಬುಡಕ್ಕೇ ಒಂದು ಯಾರ್ಕರ್. ಸ್ಟಂಪ್ ಹೋಯಿತು. ಫಿಂಚ್ ಔಟಾದ ಮೇಲೂ ಬ್ಯಾಟಿಗೆ ಕೈ ತಟ್ಟಿ ಮೆಚ್ಚಿ ಹೊರಟರು. ನಾವೆಲ್ಲ 'ಬೂಮ್ರಾ ಬಂದ್ರು' ಅಂತ ಖುಷಿಪಟ್ಟೆವು.

ಎರಡು ದಿನ ಬಿಟ್ಟು ಹೈದರಾಬಾದ್. ನಾಲ್ಕು ಓವರ್, 50 ರನ್, ವಿಕೆಟ್ ಇಲ್ಲ. ಸೆಪ್ಟೆಂಬರ್ 28ಕ್ಕೆ ತಿರುವನಂತಪುರದ ಪಂದ್ಯಕ್ಕೆ ಅವರು ಇಳಿಯಲೇ ಇಲ್ಲ. ಬೆನ್ನು ನೋವು. ಅಕ್ಟೋಬರ್ 3ಕ್ಕೆ ಬಿಸಿಸಿಐ, ಅಂದರೆ ಭಾರತದ ಕ್ರಿಕೆಟ್ ಮಂಡಳಿಯ ಪ್ರಕಟಣೆ ಬಂತು: ಟಿ20 ವಿಶ್ವಕಪ್‌ನಿಂದ ಬೂಮ್ರಾ ಹೊರಕ್ಕೆ.

ನಾಗ್ಪುರದಲ್ಲಿ ಎರಡು, ಹೈದರಾಬಾದಿನಲ್ಲಿ ನಾಲ್ಕು. ಆರು ಓವರ್ ಹಾಕಿಸೋಕೆ ಅವರನ್ನು ಕರೆತಂದವರು ಯಾರು? ಬೆನ್ನು ತಯಾರಾಗಿದೆ ಅಂತ ಹೇಳಿದವರು ಯಾರು? ಇವತ್ತಿನ ವಿಡಿಯೋ ಇದರ ಮೇಲೆ. ಒಬ್ಬರನ್ನು ಹಿಡಿದು ಬೈಯೋಕೆ ಅಲ್ಲ. ನಿಧಾನವಾಗಿ ವಾಸಿಯಾಗುವ ಗಾಯವನ್ನು ನೋಡಿಕೊಳ್ಳುವವರು ಯಾರು ಅನ್ನೋದು ಮೊದಲೇ ತೀರ್ಮಾನ ಆಗಿರದಿದ್ದರೆ ಏನಾಗುತ್ತದೆ ಅಂತ ತೋರಿಸೋಕೆ.

[ದೃಶ್ಯ: ಬೆನ್ನುಮೂಳೆಯ ಚಿತ್ರ, ಸೊಂಟದ ಭಾಗ ಕೆಂಪು ಬಣ್ಣದಲ್ಲಿ]

ಮೊದಲು ಗಾಯ ಅರ್ಥ ಮಾಡಿಕೊಳ್ಳೋಣ. ಫಾಸ್ಟ್ ಬೌಲರ್ ಚೆಂಡು ಬಿಡುವಾಗ ಮುಂದಿನ ಕಾಲು ನೆಲಕ್ಕೆ ಬಡಿಯುತ್ತದೆ. ಆ ಹೊಡೆತ ಅವನ ದೇಹದ ತೂಕಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಅದೇ ಕ್ಷಣದಲ್ಲಿ ಸೊಂಟದ ಹತ್ತಿರ ಬೆನ್ನುಮೂಳೆ ಹಿಂದಕ್ಕೂ ಪಕ್ಕಕ್ಕೂ ಬಾಗಿ ತಿರುಗುತ್ತದೆ. ಬಲಗೈ ಬೌಲರ್‌ಗೆ ಏಟು ಬೀಳುವುದು ಹೆಚ್ಚಾಗಿ ಎಡಗಡೆ, ಮೂಳೆಯ ಒಂದು ತೆಳು ಭಾಗಕ್ಕೆ. ಒಂದು ಚೆಂಡಿಗೆ ಏನೂ ಆಗುವುದಿಲ್ಲ. ಸಾವಿರಾರು ಚೆಂಡು ಹಾಕಿದ ಮೇಲೆ ಮೂಳೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ವೇಗ ಸಾಕಾಗುವುದಿಲ್ಲ. ಮೊದಲು ಮೂಳೆಯೊಳಗೆ ಊತ ಬರುತ್ತದೆ. ಅದು ಎಂಆರ್‌ಐ ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಆಗಲೂ ನಿಲ್ಲಿಸದಿದ್ದರೆ ಸಣ್ಣ ಬಿರುಕು. ಅದೇ ಸ್ಟ್ರೆಸ್ ಫ್ರ್ಯಾಕ್ಚರ್.

ಇದು ಮೋಸದ ಗಾಯ. ವಿಶ್ರಾಂತಿ ಕೊಟ್ಟರೆ ಕೆಲವೇ ವಾರಗಳಲ್ಲಿ ನೋವು ಹೋಗುತ್ತದೆ. ಆಟಗಾರ ಓಡುತ್ತಾನೆ, ಜಿಮ್ ಮಾಡುತ್ತಾನೆ, 'ನಂಗೇನೂ ಆಗ್ತಿಲ್ಲ' ಅನ್ನುತ್ತಾನೆ. ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ನೋವಿಲ್ಲ. ಆದರೆ ಮೂಳೆ ಕೂಡಿಕೊಳ್ಳೋಕೆ ತಿಂಗಳುಗಳೇ ಬೇಕು. ಮನೆಗೆ ಸ್ಲ್ಯಾಬ್ ಹಾಕಿದಾಗ ಮಾರನೇ ದಿನವೇ ಮೇಲೆ ಓಡಾಡುವಷ್ಟು ಗಟ್ಟಿ ಕಾಣುತ್ತದೆ. ಹಾಗಂತ ಯಾವ ಮೇಸ್ತ್ರಿಯೂ ಆ ವಾರವೇ ಸೆಂಟ್ರಿಂಗ್ ಬಿಚ್ಚುವುದಿಲ್ಲ, ಅಲ್ವಾ? ಮನೆಯವರು ಎಷ್ಟೇ ಅವಸರ ಮಾಡಿದರೂ ಆ ತೀರ್ಮಾನ ಅವನದೇ.

ಕ್ರಿಕೆಟ್‌ನಲ್ಲಿ ಆ ಮೇಸ್ತ್ರಿ ಯಾರು? ಕಷ್ಟ ಇರುವುದೇ ಇಲ್ಲಿ. ತಂಡದ ಜೊತೆ ಊರೂರು ತಿರುಗುತ್ತಾ ಆಟಗಾರರ ಗಾಯ, ನೋವು ನೋಡಿಕೊಳ್ಳುವ ಫಿಸಿಯೋ ಇದ್ದಾರೆ. ನಮ್ಮ ಬೆಂಗಳೂರಿನಲ್ಲಿ ಎನ್‌ಸಿಎ ಇದೆ, ಅಂದರೆ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ. 2024ರಿಂದ ವಿಮಾನ ನಿಲ್ದಾಣದ ಕಡೆ ಹೊಸ ಜಾಗದಲ್ಲಿ 'ಸೆಂಟರ್ ಆಫ್ ಎಕ್ಸಲೆನ್ಸ್' ಅನ್ನುವ ಹೆಸರಿನಲ್ಲಿ ನಡೆಯುತ್ತಿದೆ. ಆಯ್ಕೆ ಸಮಿತಿ ಇದೆ. ಕೋಚ್, ಕ್ಯಾಪ್ಟನ್ ಇದ್ದಾರೆ. ವರ್ಷಕ್ಕೆ ಎರಡು ತಿಂಗಳು ಐಪಿಎಲ್ ಫ್ರಾಂಚೈಸಿ, ಅವರದೇ ಬೇರೆ ಫಿಸಿಯೋ. ಆಟಗಾರ ಸ್ವಂತ ಖರ್ಚಿನಲ್ಲಿ ಇಟ್ಟುಕೊಂಡ ಟ್ರೈನರ್. ಕೊನೆಗೆ ಆಪರೇಷನ್ ಮಾಡುವ ಸರ್ಜನ್. ಇಷ್ಟು ಜನರ ಮಧ್ಯೆ ಒಂದು ಬೆನ್ನು.

ಇದರಿಂದ ಏನಾಗುತ್ತದೆ ಅನ್ನೋಕೆ 2019ರ ಕಥೆ ಹೇಳಬೇಕು. ಆ ಸೆಪ್ಟೆಂಬರ್‌ನಲ್ಲಿ ಬೂಮ್ರಾ ಬೆನ್ನಿನಲ್ಲಿ ಮೊದಲ ಸಲ ಸ್ಟ್ರೆಸ್ ಫ್ರ್ಯಾಕ್ಚರ್ ಕಾಣಿಸಿತು. ಪರೀಕ್ಷೆಗೆ ಇಂಗ್ಲೆಂಡಿಗೆ ಹೋಗಿಬಂದರು, ಆಪರೇಷನ್ ಬೇಡ ಅಂತಾಯಿತು. ಆರೈಕೆಯನ್ನು ಹೆಚ್ಚಾಗಿ ಎನ್‌ಸಿಎ ಹೊರಗಡೆ ತಮ್ಮದೇ ತಜ್ಞರ ಜೊತೆ ಮಾಡಿಕೊಂಡರು. ಡಿಸೆಂಬರ್‌ನಲ್ಲಿ ವಾಪಸ್ ಬರುವ ಹೊತ್ತಿಗೆ, ಅವರ ಫಿಟ್‌ನೆಸ್ ಟೆಸ್ಟ್ ಮಾಡೋಕೆ ಎನ್‌ಸಿಎ ಒಪ್ಪಲಿಲ್ಲ ಅಂತ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಆಗ ಎನ್‌ಸಿಎ ಮುಖ್ಯಸ್ಥರು ನಮ್ಮ ರಾಹುಲ್ ದ್ರಾವಿಡ್. ಬಿಸಿಸಿಐ ಅಧ್ಯಕ್ಷರಾಗಿದ್ದ ಸೌರವ್ ಗಂಗೂಲಿ, ಆಟಗಾರರು ಎನ್‌ಸಿಎ ಮೂಲಕವೇ ಹೋಗಬೇಕು, ನಾನು ದ್ರಾವಿಡ್ ಜೊತೆ ಮಾತಾಡುತ್ತೇನೆ ಅಂದರು.

ನನ್ನ ಪ್ರಕಾರ ಇದರಲ್ಲಿ ಇಬ್ಬರದೂ ತಪ್ಪಿಲ್ಲ. ದೇಹ ಆಟಗಾರನದು, ನಂಬಿಕೆ ಇರುವ ಕಡೆ ತೋರಿಸಿಕೊಳ್ಳುವ ಹಕ್ಕು ಅವನಿಗಿದೆ. ಇತ್ತ ಎನ್‌ಸಿಎ ತಾನು ಒಂದು ದಿನವೂ ನೋಡಿಕೊಳ್ಳದ ಬೆನ್ನಿಗೆ ಸರ್ಟಿಫಿಕೇಟ್ ಬರೆಯುವುದು ಹೇಗೆ? ಗಾಯವಾದ ದಿನವೇ 'ಎಲ್ಲಿ ನೋಡಿಕೊಂಡರೂ ರಿಪೋರ್ಟ್ ಇಂಥವರಿಗೆ ಹೋಗಬೇಕು' ಅಂತ ಮಾತಾಗಿದ್ದರೆ ಮೂರು ತಿಂಗಳ ನಂತರ ಈ ಜಗ್ಗಾಟ ಇರುತ್ತಿರಲಿಲ್ಲ.

[ತೆರೆಯ ಮೇಲೆ: ಜನವರಿ 3 ಮತ್ತು ಜನವರಿ 9, 2023, ಎರಡು ಪ್ರಕಟಣೆಗಳು ಅಕ್ಕಪಕ್ಕ]

2022ರ ವಿಶ್ವಕಪ್ ತಪ್ಪಿದ ಮೇಲೂ ಪಾಠ ಕಲಿತಂತೆ ಕಾಣಲಿಲ್ಲ. ಈ ಎರಡು ಪ್ರಕಟಣೆ ನೋಡಿ. ಜನವರಿ 3: ಬೂಮ್ರಾ ಫಿಟ್ ಅಂತ ಎನ್‌ಸಿಎ ಹೇಳಿದೆ, ಶ್ರೀಲಂಕಾ ವಿರುದ್ಧದ ಏಕದಿನ ಸರಣಿಗೆ ಸೇರಿಸಿದ್ದೇವೆ. ಆರೇ ದಿನ. ಜನವರಿ 9: ಬೌಲಿಂಗ್ ತಾಕತ್ತು ಬೆಳೆಸಿಕೊಳ್ಳೋಕೆ ಇನ್ನಷ್ಟು ಸಮಯ ಬೇಕು, ಮುನ್ನೆಚ್ಚರಿಕೆಯಾಗಿ ಹೊರಗಿಟ್ಟಿದ್ದೇವೆ. ಮಾರ್ಚ್‌ನಲ್ಲಿ ನ್ಯೂಜಿಲೆಂಡಿನಲ್ಲಿ ಆಪರೇಷನ್.

ಜನವರಿ 9ರ ನಿರ್ಧಾರ ಸರಿಯಾದದ್ದೇ. ಯಾರೋ ಒಬ್ಬರು ಧೈರ್ಯ ಮಾಡಿ 'ಬೇಡ' ಅಂದಿದ್ದಾರೆ, ಅವರಿಗೆ ಕೈ ಮುಗಿಯಬೇಕು. ನನಗೆ ಸಂಕಟ ಆಗುವುದು ಜನವರಿ 3ರ ಬಗ್ಗೆ. ಆರು ದಿನದಲ್ಲಿ ಮೂಳೆ ಬದಲಾಗುವುದಿಲ್ಲ. 'ಫಿಟ್' ಅಂತ ಅವಸರದಲ್ಲಿ ಬರೆದದ್ದೇ ಎಡವಟ್ಟು. ಅದನ್ನು ಬರೆದವರ ಹೆಸರು ಎರಡು ಪ್ರಕಟಣೆಯಲ್ಲೂ ಇಲ್ಲ.

ಆಟಗಾರನೇ ಸುಮ್ನೆ ಕೂರಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಬೂಮ್ರಾ ವಿಷಯದಲ್ಲಿ ಆ ಮಾತು ಸ್ವಲ್ಪ ಮಟ್ಟಿಗೆ ನಡೆಯುತ್ತದೆ. ಕೇಂದ್ರ ಗುತ್ತಿಗೆ ಇದೆ, ಆಡದಿದ್ದರೂ ವರ್ಷದ ಹಣ ಬರುತ್ತದೆ. ಆದರೆ ರಾಜ್ಯ ತಂಡಗಳ ರಣಜಿ ಟ್ರೋಫಿ ಆಡುವ ಹುಡುಗನನ್ನು ನೆನೆಸಿಕೊಳ್ಳಿ. ಇಪ್ಪತ್ತಕ್ಕಿಂತ ಕಡಿಮೆ ಪಂದ್ಯ ಆಡಿದವನು ಆಡುವ ಹನ್ನೊಂದು ಜನರಲ್ಲಿ ಇದ್ದರೆ ದಿನಕ್ಕೆ 40 ಸಾವಿರ, ಮೀಸಲು ಆಟಗಾರನಾಗಿ ಕೂತರೆ ಅದರ ಅರ್ಧ. ತಂಡದಲ್ಲೇ ಇಲ್ಲದಿದ್ದರೆ ಪಂದ್ಯದ ಸಂಭಾವನೆಯೇ ಇಲ್ಲ. ಅವನ ಜಾಗಕ್ಕೆ ಕಾಯುತ್ತಿರುವವರು ನಾಲ್ಕು ಜನ. ಬೆಳಿಗ್ಗೆ ಶೂ ಲೇಸ್ ಕಟ್ಟೋಕೆ ಬಗ್ಗಿದಾಗ ಸೊಂಟದಲ್ಲಿ ಚುಳ್ ಅಂದರೆ ಅವನು ಫಿಸಿಯೋಗೆ ಹೇಳುತ್ತಾನಾ? ಮಾತ್ರೆ ನುಂಗಿ ಮೈದಾನಕ್ಕೆ ಇಳಿಯುತ್ತಾನೆ. 'ನೋವಿದ್ದರೆ ಹೇಳಬೇಕಿತ್ತು' ಅಂತ ಆಮೇಲೆ ಅವನ ತಲೆಗೇ ಕಟ್ಟುವುದು ಅನ್ಯಾಯ. ಹೇಳಿದರೆ ಹೊಟ್ಟೆ ಮೇಲೆ ಹೊಡೆತ ಬೀಳುವುದಿಲ್ಲ ಅನ್ನುವ ಭರವಸೆ ಮೊದಲು ಇರಬೇಕು. ಅದನ್ನು ಕೊಡಬೇಕಾದವರು ಹಣ ಇರುವವರು, ಅಂದರೆ ಮಂಡಳಿ ಮತ್ತು ರಾಜ್ಯ ಸಂಸ್ಥೆಗಳು.

ಫಿಸಿಯೋ ಕಷ್ಟವೂ ಕಡಿಮೆಯಿಲ್ಲ. ಅವರಿಗೆ ಸಂಬಳ ಕೊಡುವವರಿಗೂ ಗೆಲುವು ಬೇಕು, ಪಕ್ಕದಲ್ಲಿ ಕೂರುವ ಕೋಚ್‌ಗೂ ಗೆಲುವು ಬೇಕು. ನಾಳೆ ಸೆಮಿಫೈನಲ್ ಇದ್ದಾಗ 'ಇವರು ಆಡೋ ಹಾಗಿಲ್ಲ' ಅನ್ನೋಕೆ ಗುಂಡಿಗೆ ಬೇಕು. ಹಾಗಾಗಿ ಆ ಮಾತು ಹೇಳುವ ಹಕ್ಕು ಮುಂದಿನ ಪಂದ್ಯದ ಸೋಲು ಗೆಲುವಿಗೆ ಸಂಬಂಧವೇ ಇಲ್ಲದ ಒಬ್ಬ ವೈದ್ಯರ ಕೈಯಲ್ಲಿರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆಟಗಾರನ ಮಾತು, ಕೋಚ್ ಮಾತು, ಫ್ರಾಂಚೈಸಿ ಮಾತು ಎಲ್ಲ ಕೇಳಲಿ. ಸಹಿ ಮಾತ್ರ ಒಬ್ಬರದೇ ಇರಲಿ, ಆ ಹೆಸರು ಎಲ್ಲರಿಗೂ ಗೊತ್ತಿರಲಿ.

[ದೃಶ್ಯ: ಜೊಹಾನ್ಸ್‌ಬರ್ಗ್ 2011, ರಾಂಚಿ 2017]

ಕಾಯುವುದು ಅಂದರೆ ಏನು ಅಂತ ಆಸ್ಟ್ರೇಲಿಯಾದ ಫಾಸ್ಟ್ ಬೌಲರ್ ಪ್ಯಾಟ್ ಕಮಿನ್ಸ್ ಅವರನ್ನು ನೋಡಬೇಕು. 2011ರ ನವೆಂಬರ್, 18 ವರ್ಷದ ಹುಡುಗ. ಜೊಹಾನ್ಸ್‌ಬರ್ಗ್‌ನಲ್ಲಿ ಚೊಚ್ಚಲ ಟೆಸ್ಟ್, ಎರಡನೇ ಇನಿಂಗ್ಸ್‌ನಲ್ಲಿ 79 ರನ್‌ಗೆ ಆರು ವಿಕೆಟ್, ಪಂದ್ಯಶ್ರೇಷ್ಠ. ಮುಂದಿನ ಟೆಸ್ಟ್ ಯಾವಾಗ ಗೊತ್ತಾ? 2017ರ ಮಾರ್ಚ್, ನಮ್ಮ ರಾಂಚಿಯಲ್ಲಿ. ಐದು ವರ್ಷಕ್ಕೂ ಜಾಸ್ತಿ. ಮಧ್ಯೆ ಬೆನ್ನು ಮತ್ತೆ ಮತ್ತೆ ಕೈಕೊಟ್ಟಿತು. ಸ್ವತಃ ಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರ್ ಅನುಭವಿಸಿದ್ದ ಆಸ್ಟ್ರೇಲಿಯಾದ ಹಳೆಯ ಫಾಸ್ಟ್ ಬೌಲರ್ ಡೆನ್ನಿಸ್ ಲಿಲ್ಲಿ ಅವರ ಬಳಿ ಹೋಗಿ ಬೌಲಿಂಗ್ ಶೈಲಿ ತಿದ್ದಿಕೊಂಡರು. ಆಗಾಗ ಸೀಮಿತ ಓವರ್ ಪಂದ್ಯ ಆಡಿಸಿದರೂ ಟೆಸ್ಟ್‌ಗೆ ಅವಸರ ಮಾಡಲಿಲ್ಲ. ಆ ಹುಡುಗ ಮುಂದೆ ಆಸ್ಟ್ರೇಲಿಯಾ ನಾಯಕನಾಗಿ 2023ರಲ್ಲಿ ಅಹಮದಾಬಾದಿನಲ್ಲಿ ವಿಶ್ವಕಪ್ ಎತ್ತಿದ್ದು ನಮಗೆ ಇನ್ನೂ ನೋವಿನ ನೆನಪು.

ನಮ್ಮವರೂ ಸರಿ ಮಾಡಿದ್ದುಂಟು, ಅದನ್ನೂ ಹೇಳಬೇಕು. ಆಪರೇಷನ್ ಆದ ಮೇಲೆ ಆರು ವಾರ ಸಂಪೂರ್ಣ ಬಿಡುವು, ಆಮೇಲೆ ಏಪ್ರಿಲ್‌ನಲ್ಲಿ ಬೂಮ್ರಾ ಎನ್‌ಸಿಎಗೆ ಬಂದರು. ಅದೇ ಹೊತ್ತಿಗೆ ಇಲ್ಲಿ ಇನ್ನೊಬ್ಬರು ಇದೇ ನೋವು ತಿನ್ನುತ್ತಿದ್ದರು: ನಮ್ಮ ಬೆಂಗಳೂರಿನ ಹುಡುಗ ಪ್ರಸಿದ್ಧ ಕೃಷ್ಣ. ಅವರದೂ ಸೊಂಟದ ಸ್ಟ್ರೆಸ್ ಫ್ರ್ಯಾಕ್ಚರ್, ಅವರಿಗೂ ಆಪರೇಷನ್, 2023ರ ಐಪಿಎಲ್ ಪೂರ್ತಿ ಇಬ್ಬರಿಗೂ ಹೋಯಿತು. ಜುಲೈ 21ರ ಪ್ರಕಟಣೆ ಈ ಸಲ ಬೇರೆ ಥರ ಇತ್ತು. ಇಬ್ಬರೂ ನೆಟ್ಸ್‌ನಲ್ಲಿ ಪೂರ್ತಿ ವೇಗದಲ್ಲಿ ಬೌಲ್ ಮಾಡುತ್ತಿದ್ದಾರೆ, ಎನ್‌ಸಿಎ ಅಭ್ಯಾಸ ಪಂದ್ಯ ಏರ್ಪಡಿಸುತ್ತದೆ, ಅದನ್ನು ನೋಡಿ ವೈದ್ಯಕೀಯ ತಂಡ ಕೊನೆಯ ತೀರ್ಮಾನ ಮಾಡುತ್ತದೆ. ಮುಂದಿನ ಹೆಜ್ಜೆ ಏನು, ತೀರ್ಮಾನ ಯಾರದ್ದು ಅಂತ ಸ್ಪಷ್ಟವಾಗಿ ಹೇಳಿದ್ದರು.

ಆಗಸ್ಟ್ 18, ಡಬ್ಲಿನ್. ಐರ್ಲೆಂಡ್ ವಿರುದ್ಧ ಇಬ್ಬರೂ ಒಂದೇ ಪಂದ್ಯದಲ್ಲಿ ವಾಪಸ್. ಬೂಮ್ರಾ ನಾಯಕ, ಮೊದಲ ಓವರ್‌ನಲ್ಲೇ ಎರಡು ವಿಕೆಟ್. ಪ್ರಸಿದ್ಧಗೂ ಎರಡು. ಮುಂದೆ ಏಕದಿನ ವಿಶ್ವಕಪ್‌ನಲ್ಲಿ ಬೂಮ್ರಾಗೆ 20 ವಿಕೆಟ್. 2024ರ ಟಿ20 ವಿಶ್ವಕಪ್ ನಾವು ಗೆದ್ದಾಗ ಸರಣಿಶ್ರೇಷ್ಠ ಅವರೇ.

ಅಷ್ಟಾದ ಮೇಲೆ ಆಸ್ಟ್ರೇಲಿಯಾ ಪ್ರವಾಸ. ಐದು ಟೆಸ್ಟ್, 151.2 ಓವರ್, 32 ವಿಕೆಟ್. ಮೆಲ್ಬರ್ನ್ ಒಂದರಲ್ಲೇ 53 ಓವರ್ ದಾಟಿತು. 2025ರ ಜನವರಿ 4, ಸಿಡ್ನಿ ಟೆಸ್ಟಿನ ಎರಡನೇ ದಿನ. ಮಧ್ಯದಲ್ಲೇ ಮೈದಾನ ಬಿಟ್ಟು ಸ್ಕ್ಯಾನ್‌ಗೆ ಹೋದರು. ಕೊನೆಯ ಇನಿಂಗ್ಸ್‌ನಲ್ಲಿ ಆಸ್ಟ್ರೇಲಿಯಾಗೆ ಬೇಕಿದ್ದದ್ದು 162. ಬೂಮ್ರಾ ಒಂದು ಚೆಂಡೂ ಹಾಕಲಾಗಲಿಲ್ಲ. ಪ್ರಸಿದ್ಧ ಮೂರು ವಿಕೆಟ್ ಕಿತ್ತರೂ ಪಂದ್ಯ ಹೋಯಿತು. ಬೂಮ್ರಾಗೆ ಚಾಂಪಿಯನ್ಸ್ ಟ್ರೋಫಿಯೂ ಹೋಯಿತು.

ವೈದ್ಯರ ಕೆಲಸ ಇಲ್ಲಿ ಕೆಟ್ಟಿರಲಿಲ್ಲ. ಮತ್ತೊಬ್ಬ ಬೌಲರ್ ಕೈಯಲ್ಲಿ ವಿಕೆಟ್ ಬೀಳದಿದ್ದಾಗಲೆಲ್ಲ ಚೆಂಡು ಬೂಮ್ರಾ ಕೈಗೇ ಹೋಗುತ್ತಿತ್ತು. ಹಾಗಾಗಿ ಓವರ್ ಎಣಿಸುವ ಕೆಲಸ ಕ್ಯಾಪ್ಟನ್ ಮತ್ತು ಕೋಚ್ ಹೆಗಲಿಗೂ ಬರುತ್ತದೆ. ಸಿಡ್ನಿಯಲ್ಲಂತೂ ಬೂಮ್ರಾ ಅವರೇ ಕ್ಯಾಪ್ಟನ್. ತನ್ನ ಬೆನ್ನಿನ ವಿರುದ್ಧ ತಾನೇ ತೀರ್ಪು ಕೊಡುವ ಸ್ಥಿತಿ. ಯಾರನ್ನೂ ಆ ಜಾಗದಲ್ಲಿ ನಿಲ್ಲಿಸಬಾರದು.

ಬೂಮ್ರಾ ಅದನ್ನು ತಾವೇ ಮನಗಂಡರು. 2025ರ ಇಂಗ್ಲೆಂಡ್ ಪ್ರವಾಸಕ್ಕೆ ಮೊದಲು ಸರ್ಜನ್ ಜೊತೆ ಮಾತಾಡಿ, ಐದೂ ಟೆಸ್ಟ್ ಆಗಲ್ಲ, ಹಾಗಾಗಿ ನಾಯಕತ್ವ ಬೇಡ ಅಂತ ಬಿಸಿಸಿಐಗೆ ತಿಳಿಸಿದ್ದಾಗಿ ಹೇಳಿದರು. ಆಡುವುದು ಮೂರೇ ಟೆಸ್ಟ್ ಅಂತ ಎಲ್ಲರಿಗೂ ಗೊತ್ತಾಯಿತು. ಲೀಡ್ಸ್‌ನಲ್ಲಿ ಸೋತ ಮೇಲೂ ಎಜ್‌ಬಾಸ್ಟನ್‌ನಲ್ಲಿ ಅವರನ್ನು ಕೂರಿಸಿದಾಗ ಎಷ್ಟು ಬೈಗುಳ ಬಂತು! ಒಂದು ವಾರ ಬಿಡುವು ಸಿಕ್ಕಿದೆಯಲ್ಲ, ಇನ್ನೇನು ಬೇಕು ಅಂದರು. ಅವರ ಬದಲು ಆಡಿದ ಆಕಾಶ್ ದೀಪ್ ಹತ್ತು ವಿಕೆಟ್ ತೆಗೆದರು, ನಾವು 336 ರನ್‌ಗಳಿಂದ ಗೆದ್ದೆವು. ಓವಲ್‌ನಲ್ಲೂ ಬೂಮ್ರಾ ಇಲ್ಲ, ಆರು ರನ್ ಗೆಲುವು. ಸೋತಿದ್ದರೂ ಅವರನ್ನು ಕೂರಿಸಿದ್ದು ಸರಿಯೇ ಆಗಿರುತ್ತಿತ್ತು ಅಂತ ನಾನು ಹೇಳುತ್ತೇನೆ.

[ತೆರೆಯ ಮೇಲೆ: ಚಿನ್ನಸ್ವಾಮಿ, ಏಪ್ರಿಲ್ 2, 2024 - 156.7 ಕಿ.ಮೀ.]

ಈಗ ನನ್ನ ಚಿಂತೆ ಇರುವುದು ಇನ್ನೊಬ್ಬ ಫಾಸ್ಟ್ ಬೌಲರ್ ಮಯಂಕ್ ಯಾದವ್ ಬಗ್ಗೆ. ನಮ್ಮ ಚಿನ್ನಸ್ವಾಮಿಯಲ್ಲೇ ಆರ್‌ಸಿಬಿ ವಿರುದ್ಧ ಗಂಟೆಗೆ 156.7 ಕಿಲೋಮೀಟರ್ ವೇಗದಲ್ಲಿ ಚೆಂಡು ಬಿಟ್ಟ ಹುಡುಗ. ಆಗ ವಯಸ್ಸು 21. ಸೊಂಟದ ಮೂಳೆ ಪೂರ್ತಿ ಬಲಿಯೋಕೆ ಸುಮಾರು ಇಪ್ಪತ್ತೈದರ ಆಸುಪಾಸು ಆಗಬೇಕು. ಆ ಸೀಸನ್‌ನಲ್ಲೇ ಗಾಯವಾಗಿ ಹೊರಗೆ. ಅಕ್ಟೋಬರ್‌ನಲ್ಲಿ ಗ್ವಾಲಿಯರ್‌ನಲ್ಲಿ ಭಾರತದ ಪರ ಮೊದಲ ಪಂದ್ಯ, ಮೊದಲ ಓವರೇ ಮೇಡನ್, ಒಂದೂ ರನ್ ಕೊಡಲಿಲ್ಲ. ಆಮೇಲೆ ಬೆನ್ನು. 2025ರ ಐಪಿಎಲ್‌ಗೆ ತಡವಾಗಿ ಬಂದು, ಎರಡೇ ಪಂದ್ಯ ಆಡಿ ಮತ್ತೆ ಬೆನ್ನು ಹಿಡಿದು ಹೊರನಡೆದರು. ವಾಪಸ್ ಕರೆತಂದ ನಿರ್ಧಾರದಲ್ಲಿ ಮಂಡಳಿಯ ಪಾಲೆಷ್ಟು, ಫ್ರಾಂಚೈಸಿ ಪಾಲೆಷ್ಟು ಅಂತ ಯಾರೂ ನಮಗೆ ಬಿಡಿಸಿ ಹೇಳಲಿಲ್ಲ. ಆ ಹುಡುಗನಿಗಾದರೂ ಹೇಳಿರಬೇಕು.