ಕಂಬಳಿಯೊಳಗಿನ ಮರಿ

ಕೇಳುಗರಿಗೆ ನಮಸ್ಕಾರ.

ಸಂಕ್ರಾಂತಿ ಬಂತೆಂದರೆ ಯಾದಗಿರಿ ತಾಲ್ಲೂಕಿನ ಮೈಲಾಪುರದ ದಾರಿಯಲ್ಲಿ ಚೆಕ್‌ಪೋಸ್ಟ್ ಏಳುತ್ತದೆ. ಅಡ್ಡಕ್ಕೊಂದು ಬೊಂಬು, ಬದಿಗೊಂದು ಶಾಮಿಯಾನ, ಹಿಂದೆ ಮುಳ್ಳುಬೇಲಿಯ ದೊಡ್ಡಿ. ದೊಡ್ಡಿಯ ತುಂಬ ಕುರಿಮರಿ. ಮೈಲಾರಲಿಂಗನ ಪಲ್ಲಕ್ಕಿ ಹೊನ್ನಕೆರೆಗೆ ಗಂಗಾಸ್ನಾನಕ್ಕೆ ಹೋಗಿಬರುವಾಗ ಅದರ ಮೇಲೆ ಮರಿ ತೂರುವುದು ಹಳೆಯ ಹರಕೆ. ತೂರಿದ ಮರಿ ಜನರ ಕಾಲ್ತುಳಿತಕ್ಕೆ ಸಿಕ್ಕಿ ಕಾಲು ಮುರಿದುಕೊಳ್ಳುತ್ತಿತ್ತು, ಸಾಯುತ್ತಿತ್ತು. ಜಿಲ್ಲಾಡಳಿತ ಅದನ್ನು ನಿಷೇಧಿಸಿತು. ಈಗ ಮರಿ ತಂದವರಿಂದ ದಾರಿಯಲ್ಲೇ ಅದನ್ನು ವಶಕ್ಕೆ ತೆಗೆದುಕೊಳ್ಳುತ್ತಾರೆ.

ಒಂದು ವರ್ಷ ಅಲ್ಲಿ ಸರದಿಯಲ್ಲಿ ನಿಂತಿದ್ದೆ. ನನ್ನ ಮುಂದಿನ ಟಂಟಂನಿಂದ ಒಬ್ಬ ಮುದುಕ ಇಳಿದ. ಮೈತುಂಬ ಕಂಬಳಿ. ಪೊಲೀಸಪ್ಪ ಕೇಳಿದ:

"ಮುತ್ಯಾ, ಕಂಬಳ್ಯಾಗ ಏನದ?"

"ಏನಿಲ್ರಿ ಸಾಹೇಬ್ರ, ಥಂಡಿ ಅದಂತ ಹೊದಕೊಂಡೀನಿ."

ಥಂಡಿ ಅಷ್ಟರಲ್ಲಿ 'ಬ್ಯಾ' ಅಂತು.

"ಕಾನೂನ ಅದ ಮುತ್ಯಾ, ಬಿಡಂಗಿಲ್ಲ."

"ಕಾನೂನ ಹರಕಿ ಹೊತ್ತಿಲ್ರಿ. ಹೊತ್ತಾಂವ ನಾ."

ಪೊಲೀಸಪ್ಪನ ಹಣೆಯ ಮೇಲೂ ಭಂಡಾರದ ಅರಿಶಿನ ಇತ್ತು. ಅವನಿಗೆ ಉತ್ತರ ಹೊಳೆಯಲಿಲ್ಲ. ನಾನು ಮೂವತ್ತು ವರ್ಷ ಕಲಬುರಗಿಯಲ್ಲಿ ವಕೀಲಿಕೆ ಮಾಡಿದವನು, ನನಗೂ ಹೊಳೆಯಲಿಲ್ಲ. ಇವತ್ತಿನ ಮಾತು ಆ ಮುತ್ಯಾನಿಗೆ ನಾನು ಬಾಕಿ ಉಳಿಸಿಕೊಂಡ ಉತ್ತರ ಅಂತ ಇಟ್ಟುಕೊಳ್ಳಿ.

ನಮ್ಮ ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಸಾರುವ ಹಕ್ಕು ಕೊಡುತ್ತದೆ. ಆದರೆ ಹಕ್ಕು ಹೇಳುವುದಕ್ಕೆ ಮೊದಲೇ ಷರತ್ತು ಹೇಳಿಬಿಡುತ್ತದೆ: ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಇವಕ್ಕೆ ಒಳಪಟ್ಟು. ಈ ಮೂರರಲ್ಲಿ ಕುರಿಮರಿಯ ಹೆಸರಿಲ್ಲ. ಅದು ಬಂದದ್ದು 1976ರಲ್ಲಿ, 42ನೇ ತಿದ್ದುಪಡಿಯ ಜೊತೆಗೆ. 'ಜಾತ್ಯತೀತ' ಎಂಬ ಮಾತನ್ನು ಪ್ರಸ್ತಾವನೆಗೆ ಸೇರಿಸಿದ ಅದೇ ತಿದ್ದುಪಡಿ, ಜೀವಿಗಳ ಮೇಲೆ ದಯೆ ಇಡುವುದು ನಾಗರಿಕರ ಕರ್ತವ್ಯ ಎಂದೂ ಬರೆಯಿತು. (ಜಾತ್ಯತೀತ ಅನ್ನುವ ಪದವೇ ನನಗೆ ಅಷ್ಟು ಒಗ್ಗುವುದಿಲ್ಲ. ಅದರಲ್ಲಿ ಜಾತಿ ಇದೆ, ಧರ್ಮದ ಮಾತೇ ಇಲ್ಲ. ಇರಲಿ.)

ಇನ್ನೊಂದು ಗಮ್ಮತ್ತು ನೋಡಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 28ನೇ ಕಲಂ ಪ್ರಕಾರ, ಒಂದು ಸಮುದಾಯದ ಧರ್ಮ ಬಯಸುವ ರೀತಿಯಲ್ಲಿ ಪ್ರಾಣಿಯನ್ನು ಕೊಂದರೆ ಆ ಕಾಯ್ದೆಯಡಿ ಅಪರಾಧವಲ್ಲ. ಕೊಲ್ಲುವುದಕ್ಕೆ ವಿನಾಯಿತಿ ಇದೆ, ತೂರುವುದಕ್ಕೆ ಇಲ್ಲ! ಅದರ ಮೇಲೆ, ಹಿಂದೂ ಗುಡಿಗಳಲ್ಲಿ ಬಲಿ ಕೊಡಬಾರದೆಂದು ನಮ್ಮ ರಾಜ್ಯದ್ದೇ 1959ರ ಕಾಯ್ದೆ ಬೇರೆ. "ಬಕ್ರೀದಿಗಿ ಇಲ್ಲದ್ದು ನಮಗ್ಯಾಕ್ರಿ?" ಎಂದು ಕಟ್ಟೆಯ ಮೇಲೆ ಕೂತವರು ಕೇಳುತ್ತಾರೆ. ಕೇಳಲಿ, ಕೇಳಬೇಕಾದ ಪ್ರಶ್ನೆಯೇ. ಆದರೆ ಕೋರ್ಟು ಬಕ್ರೀದನ್ನೂ ಹಾಗೇ ಬಿಟ್ಟಿಲ್ಲ. 1958ರ ಹನೀಫ್ ಖುರೇಷಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಆಡು ಕೊಡುವ ದಾರಿ ಇರುವಾಗ ಆ ದಿನ ಆಕಳನ್ನೇ ಕೊಡಬೇಕೆಂಬ ಕಡ್ಡಾಯವಿಲ್ಲ ಎಂದು ಹೇಳಿತು.

ಕಡ್ಡಾಯವೋ ಅಲ್ಲವೋ ಎಂದು ನ್ಯಾಯಾಧೀಶರು ನೋಡಲು ಶುರುಮಾಡಿದ ಬಗೆ ಸ್ವಾರಸ್ಯದ್ದು. 1954ರಲ್ಲಿ ಶಿರೂರು ಮಠದ ಪ್ರಕರಣ ಬಂತು. ಧರ್ಮದ ಅತ್ಯಗತ್ಯ ಭಾಗ ಯಾವುದೆಂಬುದನ್ನು ಆ ಧರ್ಮದ ತತ್ವಗಳಿಂದಲೇ ತಿಳಿಯಬೇಕು ಎಂದಿತು ಕೋರ್ಟು. 1957ರಲ್ಲಿ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣ. ಯಾರು ಎಲ್ಲಿಯವರೆಗೆ ಒಳಗೆ ಬರಬಹುದು ಎನ್ನುವುದಕ್ಕೆ ನ್ಯಾಯಮೂರ್ತಿಗಳು ಆಗಮಗಳನ್ನು ತಿರುವಿದರು. ಕೊನೆಗೆ ಬಾಗಿಲು ಎಲ್ಲರಿಗೂ ತೆರೆಯಿತು. ಕೆಲವು ವಿಶೇಷ ಸೇವೆಗಳು ಮಾತ್ರ ಆ ಗುಡಿಯ ಗೌಡ ಸಾರಸ್ವತ ಸಮುದಾಯದವರಿಗೆ ಉಳಿದವು. ತೀರ್ಪು ಒಳ್ಳೆಯದೇ. ನನ್ನ ತಕರಾರು ಬೇರೆ. ಆಗಮ ಇದ್ದವರು ಆಗಮ ತೋರಿಸಿದರು, ಕುರಾನ್ ಇದ್ದವರು ಕುರಾನ್ ತೋರಿಸಿದರು. ಮೈಲಾರಲಿಂಗನ ಮುತ್ಯಾ ಏನು ತೋರಿಸಬೇಕು? ಅವನ ಧರ್ಮ ಗೊರವಯ್ಯನ ಡಮರುವಿನಲ್ಲಿದೆ, ಜಾತ್ರೆಯಲ್ಲಿ ಸರಪಳಿ ಹರಿಯುವವನ ರಟ್ಟೆಯಲ್ಲಿದೆ. ಅದನ್ನು ಯಾವ ಪುಟದ ಎಷ್ಟನೇ ಸಾಲಿನಲ್ಲಿ ಹುಡುಕುವುದು? ಅತ್ಯಗತ್ಯ ಯಾವುದು ಎಂಬ ಪರೀಕ್ಷೆಯಲ್ಲಿ ಪುಸ್ತಕ ಇಲ್ಲದವನು ಕೂತ ಕೂಡಲೇ ನಾಪಾಸು.

ಆದ್ದರಿಂದ, "ಇದು ನಿಮ್ಮ ಧರ್ಮದಲ್ಲಿ ಇದೆಯೋ ಇಲ್ಲವೋ" ಎಂದು ಸರ್ಕಾರ ಕೇಳುವುದೇ ನನಗೆ ಸರಿಬರುವುದಿಲ್ಲ. "ಇದರಿಂದ ಯಾರಿಗೆ ಪೆಟ್ಟು?" ಎಂದು ಕೇಳಲಿ.

ನಮ್ಮ ಕಲಬುರಗಿಯ ಮಗ್ಗುಲಿಗೇ ತಾಜಸುಲ್ತಾನಪುರ ಇದೆ. 2019ರ ಡಿಸೆಂಬರ್ 26ರಂದು ಸೂರ್ಯಗ್ರಹಣ ಹಿಡಿದಾಗ ಅಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಗುಂಡಿಯಲ್ಲಿ ಹೂತು ನಿಲ್ಲಿಸಿದ್ದರು. ಗ್ರಹಣದ ಹೊತ್ತಿಗೆ ಹೀಗೆ ಮಾಡಿದರೆ ಮಗು ನಡೆದೀತು ಎಂಬ ಆಸೆ. ಆ ತಾಯಂದಿರನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಬಿಕ್ಕಿ ಬಿಕ್ಕಿ ಅಳುವ ಮಗುವನ್ನು ಹೊರಗೆ ತೆಗೆಯುವುದಕ್ಕೆ ಯಾವ ಶಾಸ್ತ್ರ ತಿರುವಬೇಕು? ರಾಜ್ಯದ 2017ರ ಮೌಢ್ಯ ತಡೆ ಕಾಯ್ದೆ ಜಾರಿಗೆ ಬಂದದ್ದು ಮುಂದಿನ ತಿಂಗಳು, 2020ರ ಜನವರಿಯಲ್ಲಿ. ಆ ಕಾಯ್ದೆ ಓದಿದರೆ, ಏನು ಮುಟ್ಟಿದೆ ಎನ್ನುವಷ್ಟೇ ಏನು ಮುಟ್ಟಿಲ್ಲ ಎಂಬುದೂ ಕಣ್ಣಿಗೆ ಬೀಳುತ್ತದೆ. ಮಡೆಸ್ನಾನ ಹೋಯಿತು, ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆ ಉಳಿದವು. ಜೈನರ ಕೂದಲು ಕೀಳುವ ಕೇಶಲೋಚನ ಉಳಿಯಿತು. ಜ್ಯೋತಿಷ್ಯ, ವಾಸ್ತು ಕೂಡ ಉಳಿದವು. ವಾಸ್ತು ಉಳಿದದ್ದಕ್ಕೆ ನನ್ನ ಹೊಟ್ಟೆ ಉರಿಯಿತು; ನಮ್ಮ ಓಣಿಯಲ್ಲಿ ಅದರ ಕಾಲಿಗೆ ಗಟ್ಟಿಮುಟ್ಟಾದ ಎರಡು ಮನೆ ಒಡೆದಿವೆ. ಆದರೂ ಮನೆ ಒಡೆದವನು ತನ್ನದನ್ನೇ ಒಡೆದುಕೊಂಡ. ಕಾಯ್ದೆ ಸುಮ್ಮನಿದ್ದದ್ದು ಒಂದು ಲೆಕ್ಕಕ್ಕೆ ಸರಿಯೇ.

ಹಾಗಂತ ಸರ್ಕಾರ ದೂರದಲ್ಲಿ ಕೈಕಟ್ಟಿ ನಿಂತಿದೆ ಎಂದುಕೊಳ್ಳಬೇಡಿ. ನಮ್ಮ ಭಾಗದಲ್ಲಂತೂ ಅದು ಎಂದೂ ಹಾಗೆ ನಿಂತಿಲ್ಲ. ನಿಜಾಮರ ಕಾಲದಲ್ಲಿ ಉಮೂರೆ ಮಜಹಬಿ ಎಂಬ ಇಲಾಖೆಯೇ ಇತ್ತು. ಮಸೀದಿ, ಗುಡಿ ಎರಡರ ಕಾರುಬಾರೂ ಅದರದ್ದು. ಇವತ್ತಿಗೂ ಗುಡಿಯ ಇನಾಮು ಜಮೀನಿನ ದಾವೆ ಹಿಡಿದರೆ ಪೂಜಾರಿ ಗಂಟಿನಿಂದ ಬಿಚ್ಚುವುದು ಉರ್ದುವಿನ ಮುಂತಖಬ್, ಅಂದರೆ ಇನಾಮಿನ ದಾಖಲೆ. ಮೈಲಾಪುರದ್ದೂ ಮುಜರಾಯಿ ದೇವಸ್ಥಾನ. ಹುಂಡಿ ಎಣಿಸುವುದೂ ತಹಶೀಲ್ದಾರರ ಕಚೇರಿ, ಮರಿ ತಡೆಯುವುದೂ ಅದೇ ಆಡಳಿತ. ಕಾಣಿಕೆ ಆದರೆ ಒಳಗೆ, ಹರಕೆ ಆದರೆ ಹೊರಗೆ. ಮುತ್ಯಾನಿಗೆ ಇದು ವಿಚಿತ್ರ ಅನ್ನಿಸಿದರೆ ತಪ್ಪು ಅವನದಲ್ಲ.

ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋದವರಿಗೆ ಗೊತ್ತು. 1986ರಲ್ಲಿ ಚಂದ್ರಲಾಂಬೆಯ ಆವರಣದ ಕಾಳಮ್ಮನ ಗುಡಿ ಕುಸಿದಾಗ, ದೇವಿಯ ಪೀಠವೇ ಅಶೋಕನ ಶಾಸನದ ಕಲ್ಲು ಎಂದು ಗೊತ್ತಾಯಿತು. ಅದರಲ್ಲಿರುವ ಹನ್ನೆರಡನೇ ಶಾಸನ, ತನ್ನ ಪಂಥವನ್ನು ಹೊಗಳಿಕೊಳ್ಳಲು ಪರರ ಪಂಥವನ್ನು ಹಳಿಯಬೇಡ, ಮಾತಿಗೆ ಹಿಡಿತವಿರಲಿ ಎನ್ನುತ್ತದೆ. ಅಕ್ಷರ ಓದಲು ಬಾರದವರು ಕಲ್ಲು ಗಟ್ಟಿಯಾಗಿದೆಯೆಂದು ದೇವಿಯನ್ನು ಮೇಲೆ ಕೂರಿಸಿದ್ದರು.

ಚೆಕ್‌ಪೋಸ್ಟಿನಲ್ಲಿ ಮುತ್ಯಾ ಮರಿ ಕೊಟ್ಟ. ಕೊಡುವ ಮುಂಚೆ ಅದರ ಬೆನ್ನಿನಿಂದ ಒಂದು ಚಿಟಿಕೆ ಕರಿ ಉಣ್ಣೆ ಕಿತ್ತು ಧೋತರದ ಚುಂಗಿಗೆ ಗಂಟು ಹಾಕಿಕೊಂಡ. ಪೊಲೀಸಪ್ಪ ನೋಡಿಯೂ ನೋಡದವನ ಹಾಗೆ ಮರಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ದೊಡ್ಡಿಗೆ ಹೋದ. ಸಂಜೆ ಪಲ್ಲಕ್ಕಿ ಬರುವಾಗ 'ಏಳು ಕೋಟಿಗೋ' ಎಂಬ ಕೂಗಿನ ನಡುವೆ ಮುತ್ಯಾನನ್ನು ಮತ್ತೆ ಕಂಡೆ. ಚುಂಗು ಬಿಚ್ಚಿ, ಉಣ್ಣೆಯನ್ನು ಭಂಡಾರದಲ್ಲಿ ಸುತ್ತಿ ತೂರಿದ. ಆ ಹಳದಿ ಧೂಳಿನಲ್ಲಿ ಅದು ಪಲ್ಲಕ್ಕಿ ಮುಟ್ಟಿತೋ ಇಲ್ಲವೋ, ನನಗೆ ಕಾಣಲಿಲ್ಲ.

ನಮಸ್ಕಾರ.