ಗಂಡ ಬೇರೆ ರಾಜ್ಯದಲ್ಲಿದ್ದರೆ ವಿಚ್ಛೇದನದ ಅರ್ಜಿ ಎಲ್ಲಿ?

ಕೇಳುಗರಿಗೆ ನಮಸ್ಕಾರ. ರಾಯಚೂರು, ಬಳ್ಳಾರಿ ಕಡೆಯವರು ಹೆಣ್ಣು ಕೊಡುವಾಗ, ತರುವಾಗ ರಾಜ್ಯದ ಗಡಿ ನೋಡುವುದಿಲ್ಲ. ಆದೋನಿ, ಗುಂತಕಲ್, ಗದ್ವಾಲ, ಮಕ್ತಲ್ ಎಲ್ಲ ನಮ್ಮ ಬೀಗರ ಊರುಗಳೇ. ಸಂಸಾರ ಮುರಿದಾಗ ಮಾತ್ರ ಗಡಿ ಅಡ್ಡ ಬರುತ್ತದೆ. "ಗಂಡ ತೆಲಂಗಾಣದಾಗ ಅದಾನ, ಕೇಸು ಅಲ್ಲೇ ಹಾಕಬೇಕಲ್ರಿ?" ಅಂತ ಕೇಳುತ್ತಾರೆ. ಬೇಕಿಲ್ರಿ. ಅರ್ಜಿ ಹಾಕುವವಳು ಹೆಂಡತಿಯಾದರೆ, ಅವತ್ತಿಗೆ ತಾನು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಹಿಂದೂ ವಿವಾಹ ಕಾಯ್ದೆಯ 19ನೇ ಕಲಮಿಗೆ 2003ರಲ್ಲೇ ಇದು ಸೇರಿದೆ. ಇಷ್ಟು ವರ್ಷವಾದರೂ ಜನಕ್ಕೆ ತಲುಪಿಲ್ಲ!

ಗಂಡ ಹಾಕುವುದಾದರೆ ಈ ಅನುಕೂಲ ಇಲ್ಲ. ಮದುವೆಯಾದ ಊರು, ಇಬ್ಬರೂ ಕೊನೆಗೆ ಕೂಡಿ ಬಾಳಿದ ಊರು, ಹೆಂಡತಿ ಈಗಿರುವ ಊರು, ಈ ಮೂರರಲ್ಲೊಂದು.

ಒಂದು ಸಂಸಾರ ಇಟ್ಟುಕೊಳ್ಳಿ. ಹೆಣ್ಣು ಸಿಂಧನೂರು, ಗಂಡು ಗದ್ವಾಲ, ಮದುವೆ ಮಂತ್ರಾಲಯದಲ್ಲಿ. ಮೂರು ರಾಜ್ಯ ಆಯಿತು. ಆಕೆ ಮಗು ಕಟ್ಟಿಕೊಂಡು ತವರಿಗೆ ಬಂದಿದ್ದಾಳೆ. ರಾಯಚೂರು ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ಆದರೆ ಆಧಾರ್‌ನಲ್ಲಿ ಇನ್ನೂ ಗದ್ವಾಲದ ವಿಳಾಸ! ಎದುರು ವಕೀಲರು ಮೊದಲು ಹಿಡಿಯುವುದೇ ಅದನ್ನು. ವಿಳಾಸ ಬದಲಿಸಿಕೊಳ್ಳಿ, ಮಗುವಿನ ಶಾಲೆಯ ದಾಖಲೆ, ತವರಿನ ರೇಷನ್ ಕಾರ್ಡ್ ಜೋಡಿಸಿ. ಲಗ್ನಪತ್ರಿಕೆ, ಮದುವೆ ಫೋಟೊ, ನೋಂದಣಿ ಆಗಿದ್ದರೆ ಅದರ ಪ್ರಮಾಣಪತ್ರ, ಗಂಡನ ಪೂರ್ತಿ ವಿಳಾಸ ಪಿನ್‌ಕೋಡ್ ಸಹಿತ ಬೇಕು. ವಿಳಾಸ ತಪ್ಪಿದರೆ ಸಮನ್ಸ್ ವಾಪಸ್ ಬರುತ್ತಲೇ ಇರುತ್ತದೆ, ತಾರೀಖು ಮುಂದೆ ಹೋಗುತ್ತಲೇ ಇರುತ್ತದೆ.

ಇಷ್ಟೆಲ್ಲ ಮಾಡದೆ ಹಿರಿಯರ ಪಂಚಾಯ್ತಿ ಅಂತ ಕಾಲ ಕಳೆದರು ಅನ್ನಿ. ಅಷ್ಟರಲ್ಲಿ ಗಂಡ ಗದ್ವಾಲದಲ್ಲಿ ಅರ್ಜಿ ಹಾಕಿಬಿಟ್ಟ. ನೋಟಿಸು ಟಪಾಲಿನಲ್ಲಿ ಬಂತು. ಅಣ್ಣ ಅಂದ, "ಸಹಿ ಮಾಡಬ್ಯಾಡ, ವಾಪಸ್ ಕಳಿಸು." ಇದಕ್ಕಿಂತ ಕೆಟ್ಟ ಸಲಹೆ ಇಲ್ಲ. ತಗೊಳ್ಳದೆ ಕಳಿಸಿದರೂ ನೋಟಿಸು ಮುಟ್ಟಿದಂತೆಯೇ ಕೋರ್ಟು ಲೆಕ್ಕ ಹಿಡಿಯುತ್ತದೆ. ಆಮೇಲೆ ಎಕ್ಸ್‌ಪಾರ್ಟಿ ಡಿಕ್ರಿ, ಅಂದರೆ ನೀವಿಲ್ಲದೆ ಒಂದೇ ಕಡೆಯ ಮಾತು ಕೇಳಿ ಕೊಡುವ ತೀರ್ಪು. ಅದನ್ನು ರದ್ದು ಮಾಡಿಸಲು 30 ದಿನದೊಳಗೆ ಓಡಬೇಕು.

ನೋಟಿಸು ಬಂದರೆ ಗದ್ವಾಲದ ವಕೀಲರಿಗೆ ವಕಾಲತ್ತು ಕೊಟ್ಟು ಹಾಜರಿ ಹಾಕಿಸಿ. ಈಗ ಇಲ್ಲಿ ಹೊಸ ಅರ್ಜಿ ಹಾಕಿದರೆ? ಹಿಂದೂ ವಿವಾಹ ಕಾಯ್ದೆಯ 21ಎ ಕಲಮಿನ ಪ್ರಕಾರ ಮೊದಲು ಹಾಕಿದ ಕೋರ್ಟಿಗೇ ಎರಡನೆಯದೂ ಹೋಗುತ್ತದೆ. ಆಗ ಉಳಿಯುವುದು ವರ್ಗಾವಣೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಕೇಸು ತರಿಸುವುದು ನಮ್ಮ ಹೈಕೋರ್ಟಿನ ಧಾರವಾಡ, ಕಲಬುರಗಿ ಪೀಠಗಳ ಕೆಲಸವಲ್ಲ. ಅವು ರಾಜ್ಯದೊಳಗಿನ ವರ್ಗಾವಣೆಗೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಕಲಮಿನಡಿ ಸುಪ್ರೀಂ ಕೋರ್ಟಿಗೇ ಅರ್ಜಿ. ಚಿಕ್ಕ ಮಗು, ದುಡಿಮೆ ಇಲ್ಲ, ಜೊತೆಗೆ ಬರುವವರಿಲ್ಲ ಅನ್ನುವುದನ್ನು ಅಲ್ಲಿ ನೋಡುತ್ತಾರೆ. ಸಿಂಧನೂರಿನಿಂದ ರಾಯಚೂರಿಗೆ ಮುಗಿಯುತ್ತಿದ್ದ ದಾರಿ ದೆಹಲಿಗೆ ಹೋಯಿತು. ಅದಕ್ಕೇ ಹೇಳುವುದು, ತಡ ಮಾಡಬೇಡಿ, ನೀವಿರುವಲ್ಲೇ ಹಾಕಿ.

ಸಮಯ ಆಗುತ್ತಾ ಬಂತು, ಬೇಗ ಹೇಳುತ್ತೇನೆ. ವಿಚ್ಛೇದನಕ್ಕೆ ಇಬ್ಬರೂ ಒಪ್ಪಿದ್ದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ: ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿ ಆರು ತಿಂಗಳು ಕಾಯಬೇಕು. ರಾಜಿಗೆ ದಾರಿಯೇ ಇಲ್ಲದಿದ್ದರೆ ಆರು ತಿಂಗಳನ್ನು ಕೋರ್ಟು ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೀವನಾಂಶದ ಅರ್ಜಿಯೂ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 144ನೇ ಕಲಂ, ನೀವಿರುವ ಜಿಲ್ಲೆಯಲ್ಲೇ.

ವಕೀಲರ ಫೀಸಿನ ಚಿಂತೆಯೇ? ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ನಮಸ್ಕಾರ.